16 ಸಾಲಿನ ಫಂಕ್ಷನ್, 4 ತಿಂಗಳ ಒದ್ದಾಟ

ಪುಣೆ ಹತ್ತಿರದ ಭೋಸರಿಯ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಶಾಫ್ಟ್ ವ್ಯಾಸದ ರೀಡಿಂಗ್ ತೆಗೆದು, ಗ್ರಾಫ್ ಮಾಡಿ, ಪ್ರತಿ ಶನಿವಾರ ಕಸ್ಟಮರ್‌ಗೆ ಕಳಿಸಬೇಕು. ಮೊದಲೆಲ್ಲ ಎಕ್ಸೆಲ್‌ನಲ್ಲಿ ಮಾಡುತ್ತಿದ್ದೆ, ಮೂರು ತಾಸು ಹಿಡಿಯುತ್ತಿತ್ತು. ಆ ಗ್ರಾಫ್ ತಾನಾಗೇ ಬರಲಿ ಅಂತ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತೇನೆ ಅಂದಾಗ ವಿಜಯಪುರ ಕಡೆಯ ಸಹೋದ್ಯೋಗಿ ನಕ್ಕ. "ಎಕ್ಸೆಲ್ ಐತಲ್ಲೋ, ಸುಮ್ನೆ ಯಾಕ ತಲಿ ಕೆಡಿಸ್ಕೊಂತಿ?" ಈಗ ಅವನೇ ನನ್ನ ಫೈಲ್ ಕಾಪಿ ಮಾಡಿಕೊಂಡಿದ್ದಾನೆ. ಆದರೆ ಇಲ್ಲಿಗೆ ಬರುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮೊದಲು ದುಡ್ಡಿನ ಕಥೆ. ನಿಗಡಿ ಹತ್ತಿರ ಒಂದು ಕ್ಲಾಸಿಗೆ ಸೇರಿದ್ದೆ, ಫೀಸು ಹತ್ತತ್ತಿರ 18 ಸಾವಿರ. ಲೂಪ್, ಲಿಸ್ಟ್ ಎಲ್ಲ ಹೇಳಿಕೊಟ್ಟರು. ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಬಂದಾಗ ಎರಡೇ ದಿನದಲ್ಲಿ ಮುಗಿಸಿಬಿಟ್ಟರು. ಹಾಗಾಗಿ ನಾನು ಎಲ್ಲರಂತೆ ಕಾಪಿ ಪೇಸ್ಟ್ ಶುರು ಮಾಡಿದೆ. ಒಂದು ಪಾರ್ಟ್‌ಗೆ ಒಂದು ನೋಟ್‌ಬುಕ್ (ಕೋಡ್ ಬರೆದು ಓಡಿಸುವ ಫೈಲ್), ಹೀಗೆ ಮೂವತ್ತು ಚಿಲ್ಲರೆ ಆದವು. ಆಗ ಡ್ರಾಯಿಂಗ್ ಬದಲಾಯಿತು. 25 ಎಂಎಂ ಶಾಫ್ಟ್‌ನ ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ, 0.02 ಇದ್ದದ್ದು 0.015 ಆಯಿತು. ಎಲ್ಲ ಕಡೆ ತಿದ್ದಿದೆ, ಒಂದು ನೋಟ್‌ಬುಕ್ ಬಿಟ್ಟು. ಆ ಗ್ರಾಫ್‌ನಲ್ಲಿ ಎಲ್ಲ ಚುಕ್ಕೆಗಳೂ ಗೆರೆಯ ಒಳಗೇ ಇದ್ದವು, ಯಾಕಂದರೆ ಗೆರೆಯೇ ಹಳೆಯದು! ಸುಮಾರು 200 ಪೀಸ್ ವಾಪಸ್ ಬಂತು. ಟೆಂಪೋ ಬಾಡಿಗೆ ನಾಲ್ಕು ಸಾವಿರ ನಮ್ಮ ತಲೆಗೇ.

ಅವತ್ತು ರಾತ್ರಿ ಫಂಕ್ಷನ್ ಬರೆಯಲು ಕೂತೆ, ಅಂದರೆ ಒಂದೇ ಕಡೆ ಬರೆದು ಎಲ್ಲ ಪಾರ್ಟ್‌ಗೂ ಬಳಸುವ ಕೋಡ್. ಹುಮ್ಮಸ್ಸಿನಲ್ಲಿ 14 ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಹೊರಗಿನಿಂದ ಕೊಡುವ ಮಾಹಿತಿ) ಇಟ್ಟೆ. ಟೈಟಲ್ ಸೈಜು, ಗೆರೆ ದಪ್ಪ, ಸೇವ್ ಮಾಡಬೇಕೋ ಬೇಡವೋ, ಎಲ್ಲಾ. ಫಿಗರ್ (ಗ್ರಾಫ್ ಕೂರುವ ಖಾಲಿ ಹಾಳೆ) ತೆರೆಯುವುದೂ ಫಂಕ್ಷನ್ ಒಳಗೇ. ಒಂದು ಪುಟದಲ್ಲಿ ಆರು ಗ್ರಾಫ್ ಬೇಕು ಅಂತ ಸಬ್‌ಪ್ಲಾಟ್ಸ್‌ನಿಂದ ಹಾಳೆಯನ್ನು ಆರು ಚೌಕ ಮಾಡಿ ಓಡಿಸಿದರೆ ಆರು ಖಾಲಿ ಚೌಕ ಬಂದವು, ಗ್ರಾಫ್‌ಗಳೆಲ್ಲ ಬೇರೆ ಬೇರೆ ಕಿಟಕಿಯಲ್ಲಿ. ಮೂವತ್ತೂ ಪಾರ್ಟ್ ಓಡಿಸಿದಾಗ 20ಕ್ಕಿಂತ ಜಾಸ್ತಿ ಫಿಗರ್ ತೆರೆದಿದ್ದೀಯ ಅಂತ ವಾರ್ನಿಂಗ್ ಬಂತು. 4 ಜಿಬಿ ಲ್ಯಾಪ್‌ಟಾಪ್ ಅಲ್ಲೇ ಮಲಗಿತು.

ಕೊನೆಗೆ ಸಮಸ್ಯೆ ಎಲ್ಲಿದೆ ಅಂತ ಹೊಳೆಯಿತು. ಫಂಕ್ಷನ್‌ಗೆ ಜಾಗ ನಾವು ಕೊಡಬೇಕು, ಅದು ತಾನೇ ಹುಡುಕಬಾರದು. ಮೊದಲ ಆರ್ಗ್ಯುಮೆಂಟ್ ಆಕ್ಸ್, ಅಂದರೆ ಗ್ರಾಫ್ ಬಿಡಿಸಬೇಕಾದ ಚೌಕ, ಎರಡನೆಯದು ರೀಡಿಂಗ್, ಮೂರನೆಯದು ಟಾಲರೆನ್ಸ್. ಬಣ್ಣ, ಗೆರೆ ದಪ್ಪ ಇತ್ಯಾದಿ ಅಲಂಕಾರವೆಲ್ಲ ಒಂದು ಡಿಕ್ಷನರಿಯಲ್ಲಿ (ಹೆಸರು, ಅದರ ಬೆಲೆ ಜೋಡಿಸಿಟ್ಟ ಪಟ್ಟಿ), ಅದರ ಮುಂದೆ ಎರಡು ನಕ್ಷತ್ರ (**) ಹಾಕಿ ನೇರ ಗ್ರಾಫ್ ಬಿಡಿಸುವ ಆಕ್ಸ್ ಡಾಟ್ ಪ್ಲಾಟ್‌ಗೆ. ಅಡ್ಡ ಗೆರೆ ಎಳೆಯುವ ಆಕ್ಸ್‌ಎಚ್‌ಲೈನ್‌ನಿಂದ ಟಾಲರೆನ್ಸ್‌ನ ಎರಡು ಗೆರೆ. ಬಂದ ಲೈನ್‌ಗಳನ್ನು ರಿಟರ್ನ್. ಫಿಗರ್ ತೆರೆಯುವುದು, ಸೇವ್ ಮಾಡುವುದು, ಕ್ಲೋಸ್ ಮಾಡುವುದು ಎಲ್ಲ ಹೊರಗಿನ ಲೂಪ್‌ನ ಕೆಲಸ. 14 ಇದ್ದ ಆರ್ಗ್ಯುಮೆಂಟ್ 4ಕ್ಕೆ ಇಳಿಯಿತು.

ಗೆದ್ದೆ ಅಂದುಕೊಂಡೆ. ಒಂದು ಗುರುವಾರ, ಕರೆಂಟ್ ಬೇರೆ ಇಲ್ಲ, ಬ್ಯಾಟರಿ ಮೇಲೆ ಓಡಿಸುತ್ತಿದ್ದೆ. ಏಳನೇ ಪಾರ್ಟ್‌ನಲ್ಲಿ ಒಂದು ರೀಡಿಂಗ್ ಗೆರೆಯ ಹೊರಗೆ ಹೋಗಿತ್ತು, ಗ್ರಾಫ್ ಕೆಂಪಾಯಿತು. ಸರಿ. ಎಂಟನೆಯದೂ ಕೆಂಪು, ಒಂಬತ್ತನೆಯದೂ ಕೆಂಪು, ಆಮೇಲಿನದೆಲ್ಲ ಕೆಂಪು. ಮಷೀನ್ ಕೆಟ್ಟಿದೆ ಅಂತ ಕೂಗಾಡಿದೆ. ಆಪರೇಟರ್ ಮೈಕ್ರೋಮೀಟರ್ ಹಿಡಿದು ಪುನಃ ಅಳೆದು ತೋರಿಸಿದ, ಎಲ್ಲ ಸರಿ ಇದೆ. ಕೆಟ್ಟಿದ್ದು ನನ್ನ ಡೆಫ್ ಸಾಲು, ಅಂದರೆ ಫಂಕ್ಷನ್‌ನ ಮೊದಲ ಸಾಲು. ಅಲಂಕಾರ ಏನೂ ಕೊಡದಿದ್ದಾಗ ಇರಲಿ ಅಂತ ಡಿಫಾಲ್ಟ್ ಆಗಿ ಖಾಲಿ ಡಿಕ್ಷನರಿ ಇಟ್ಟಿದ್ದೆ. ಪೈಥಾನ್ ಅದನ್ನು ಒಂದೇ ಸಲ ಮಾಡಿ ಇಟ್ಟುಕೊಳ್ಳುತ್ತದೆ, ಪ್ರತಿ ಸಲ ಹೊಸದು ಕೊಡುವುದಿಲ್ಲ. ಒಮ್ಮೆ ಹಾಕಿದ ಕೆಂಪು ಬಣ್ಣ ಅಲ್ಲೇ ಕೂತಿತ್ತು. ಈಗ ಡಿಫಾಲ್ಟ್ None (ಏನೂ ಇಲ್ಲ), ಫಂಕ್ಷನ್ ಒಳಗೆ ಪ್ರತಿ ಸಲ ಡಿಕ್ಷನರಿಯ ಹೊಸ ಕಾಪಿ. ಆಪರೇಟರ್‌ಗೆ ಎರಡು ವಡಾಪಾವ್ ಕೊಡಿಸಬೇಕಾಯಿತು.

ತಾರೀಖಿನ ಗೋಳು ಬೇರೆ. 03/07 ಅಂತ ಬರೆದದ್ದನ್ನು ಓದಿಸುವಾಗ, ದಿನ ಮೊದಲು ಅಂತ ಹೇಳುವ ಡೇಫರ್ಸ್ಟ್ ಹಾಕದಿದ್ದರೆ ಜುಲೈ 3 ಹೋಗಿ ಮಾರ್ಚ್ 7 ಆಗುತ್ತದೆ.

ನಡುವೆ ಒಂದು ಹುಚ್ಚು ಹತ್ತಿತು, ಕನ್ನಡದಲ್ಲಿ ಲೇಬಲ್ ಹಾಕೋಣ ಅಂತ. ಮೊದಲು ಬರೀ ಚೌಕ ಬಂದವು, ಡಿಫಾಲ್ಟ್ ಫಾಂಟ್‌ನಲ್ಲಿ ಕನ್ನಡ ಇಲ್ಲವಲ್ಲ. ಫಾಂಟ್ ಬದಲಿಸಿದೆ. ಆಗ ‘ವ್ಯಾಸ’ದ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಹೋಗಿ ನಿಂತಿತು. ಎರಡು ಭಾನುವಾರ ಹಾಳು ಮಾಡಿ ಕೈಬಿಟ್ಟೆ. ಅದೇ ಫಂಕ್ಷನ್‌ಗೆ ನಮ್ಮ ರೂಮಿನ ಕರೆಂಟ್ ಮೀಟರ್ ರೀಡಿಂಗ್ ಕೊಟ್ಟದ್ದು ಮಾತ್ರ ಚೆನ್ನಾಗಿ ಫಲಿಸಿತು. ಗೀಸರ್ ಯಾರು ಜಾಸ್ತಿ ಓಡಿಸುತ್ತಾರೆ ಅಂತ ಗೊತ್ತಾಗಿ, ಬಿಲ್ ಹಂಚಿಕೆಯೇ ಬದಲಾಯಿತು.

ಈಗ ಶನಿವಾರದ ಕೆಲಸ ಹತ್ತು ನಿಮಿಷ. ಟೂಲ್ ಸವೆಯುತ್ತಿರುವುದನ್ನು ಗೆರೆ ದಾಟುವ ಮೊದಲೇ ಹೇಳುವ ನಾಲ್ಕು ಸಾಲೂ ಆ ಫಂಕ್ಷನ್ ಒಳಗಿವೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಇನ್ಕ್ರಿಮೆಂಟ್ ಅದರ ಮೇಲೆ ನಿಂತಿದೆ. ಮುಂದೆ ಗೇಜ್‌ನಿಂದ ರೀಡಿಂಗ್ ನೇರ ಲ್ಯಾಪ್‌ಟಾಪ್‌ಗೆ ತರಬೇಕು ಅಂತಿದ್ದೇನೆ. ಕೇಬಲ್ ಬೆಲೆ ಕೇಳಿ ಮಾಲೀಕರು, ದೀಪಾವಳಿ ಆದ ಮೇಲೆ ನೋಡೋಣ ಅಂದಿದ್ದಾರೆ.