ಮೀನು ಏಕೆ ಕೆಳಗೆ ಬೀಳಲಿಲ್ಲ

ಶಿಶುವಿಹಾರದ ನನ್ನ ತರಗತಿಯಲ್ಲಿ ಒಮ್ಮೆ ಟ್ಯಾಬ್‌ನಲ್ಲಿ ಮೀನುಗಳ ವಿಡಿಯೊ ತೋರಿಸುತ್ತಿದ್ದಾಗ, ಇನ್ನೂ ನಾಲ್ಕು ತುಂಬದ ಹುಡುಗಿಯೊಬ್ಬಳು, "ಟೀಚರ್, ಇದನ್ನ ತಲೆಕೆಳಗೆ ಮಾಡಿದ್ರೆ ನೀರು ಚೆಲ್ಲುತ್ತಾ?" ಎಂದು ಕೇಳಿದಳು. "ಇಲ್ಲ ಪುಟ್ಟಾ, ಅದು ಬರೀ ಚಿತ್ರ" ಎಂದು ಹೇಳಿ ನಾನು ಮುಂದಕ್ಕೆ ಹೋದೆ. ಉತ್ತರವೇನೋ ಸರಿಯಾಗಿತ್ತು, ಆದರೆ ಅಂದು ಅವಳು ಮತ್ತೇನನ್ನೂ ಕೇಳಲಿಲ್ಲ.

ಆ ಪ್ರಶ್ನೆಯ ತೂಕ ನನಗೆ ಅರಿವಾದದ್ದು ಆಮೇಲೆ, ಮನಶ್ಶಾಸ್ತ್ರಜ್ಞ ಜಾನ್ ಫ್ಲಾವೆಲ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದಾಗ. ಪರದೆಯ ಮೇಲೆ ಪಾಪ್‌ಕಾರ್ನ್ ತುಂಬಿದ ಬಟ್ಟಲು ಕಾಣುತ್ತಿರುವಾಗ ಟಿವಿಯನ್ನು ಬೋರಲು ಹಾಕಿದರೆ ಅದು ಚೆಲ್ಲುತ್ತದೆಯೇ ಎಂದು ಕೇಳಿದರೆ, ಮೂರು ವರ್ಷದ ಮಕ್ಕಳಲ್ಲಿ ಅನೇಕರು ಚೆಲ್ಲುತ್ತದೆ ಎಂದೇ ಹೇಳಿದ್ದರು. ನಾಲ್ಕರ ಮಕ್ಕಳು ಬಹುಮಟ್ಟಿಗೆ ಹಾಗೆ ಹೇಳಲಿಲ್ಲ. ಎಂದರೆ, ನನ್ನ ವಿದ್ಯಾರ್ಥಿನಿ ಸರಿಯಾಗಿ ಆ ಹೊಸ್ತಿಲಿನಲ್ಲಿ ನಿಂತಿದ್ದಳು, ನಾನು ಬಾಗಿಲು ಹಾಕಿದ್ದೆ.

ಮರುವಾರ ಅವಳ ಕೈಗೇ ಟ್ಯಾಬ್ ಕೊಟ್ಟು ತಿರುಗಿಸಲು ಹೇಳಿದೆ. ಪರದೆ ತಾನಾಗಿ ತಿರುಗುವುದನ್ನು ನಿಲ್ಲಿಸಲು ಮರೆತಿದ್ದರಿಂದ ಮೀನು ಪ್ರತಿಸಲವೂ ನೆಟ್ಟಗಾಗುತ್ತಿತ್ತು. "ಅದಕ್ಕೆ ಬೀಳೋಕೆ ಇಷ್ಟ ಇಲ್ಲ" ಎಂದು ಒಬ್ಬ ಹುಡುಗ ತೀರ್ಪು ಕೊಟ್ಟ! ಪಕ್ಕದಲ್ಲಿ ಮೀನಿನ ಚಿತ್ರ ಬರೆದ ಕಾಗದವನ್ನೂ ನೀರಿದ್ದ ಲೋಟವನ್ನೂ ಇಟ್ಟು, ಮೂರನ್ನೂ ಒಂದೊಂದಾಗಿ ಬೋರಲು ಹಾಕಿದೆವು. ನೆಲ ಒರೆಸುವಷ್ಟರಲ್ಲಿ ಅವರ ವಾದ ಬೇರೆ ದಾರಿ ಹಿಡಿದಿತ್ತು: ಹಾಗಿದ್ದರೆ ಈ ಮೀನನ್ನು ಒಳಗೆ ಇಟ್ಟವರು ಯಾರು?

ಅಲ್ಲಿಂದ ನಾವು ನೋಡುವುದನ್ನು ಕಡಿಮೆ ಮಾಡಿ ಮಾಡುವುದನ್ನು ಹೆಚ್ಚಿಸಿದೆವು. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದರಲ್ಲಿ ಶಾಲೆಯ ಪಾಲು ಆದಷ್ಟು ಚಿಕ್ಕದಾಗಿರಲಿ ಎಂಬುದು ನನ್ನ ನಿಲುವು. ಜೇಡಿಮಣ್ಣಿನ ಹುಳುವೊಂದನ್ನು ಕೂದಲೆಳೆಯಷ್ಟು ಸರಿಸುತ್ತಾ ಒಂದೊಂದೇ ಫೋಟೋ ತೆಗೆದೆವು. ಸೆಕೆಂಡಿಗೆ 12ರಂತೆ ಜೋಡಿಸಿದಾಗ, ಎರಡು ದಿನ ಬೆವರಿಳಿಸಿ ತೆಗೆದ 48 ಫೋಟೋಗಳು ನಾಲ್ಕೇ ಸೆಕೆಂಡಿನಲ್ಲಿ ಮುಗಿದುಹೋದವು. "ಅಷ್ಟೇನಾ?" ಎಂದು ಇಡೀ ತರಗತಿ ಕೂಗಿತು. ಪರದೆಯ ಮೇಲಿನದನ್ನು ಯಾರೋ ಕುಳಿತು ಮಾಡಿರುತ್ತಾರೆಂದು ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಜಾಹೀರಾತಿನ ಪಾಠದಲ್ಲಿ ಮಾತ್ರ ಎಡವಿದೆ. ಅದು ಕಾರ್ಯಕ್ರಮಕ್ಕಿಂತ ಬೇರೆ ಎಂದು ಐದರ ಮಕ್ಕಳು ಗುರುತಿಸಬಲ್ಲರು, ಆದರೆ ನಮ್ಮನ್ನು ಒಲಿಸಿ ವಸ್ತುವನ್ನು ಖರೀದಿಸುವಂತೆ ಮಾಡುವುದೇ ಅದರ ಉದ್ದೇಶ ಎಂಬ ತಿಳಿವು ಸಾಮಾನ್ಯವಾಗಿ ಏಳೆಂಟು ವರ್ಷಕ್ಕೆ ಮುಂಚೆ ಬಲಿಯುವುದಿಲ್ಲ. "ಅವರು ಸುಳ್ಳು ಹೇಳ್ತಾರೆ" ಎಂಬ ನನ್ನ ಸರಳೀಕರಣದಿಂದಾಗಿ ಕೆಲವರು ಟಿವಿಯಲ್ಲಿ ಕಂಡ ಆನೆಯನ್ನೂ ಸುಳ್ಳೆಂದರು. ಆ ಪಾಠವನ್ನು ಕೈಬಿಟ್ಟು, ಆಟಿಕೆಯ ಡಬ್ಬಿಯ ಮೇಲಿನ ಚಿತ್ರವನ್ನು ಒಳಗಿನ ಆಟಿಕೆಯ ಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ ಇಳಿದೆ. ಯಾವುದು ದೊಡ್ಡದಾಗಿ ಕಾಣುತ್ತದೆ, ಡಬ್ಬಿಯ ಮೇಲಿದ್ದು ಒಳಗಿಲ್ಲದ್ದು ಯಾವುದು ಎಂಬಷ್ಟೇ ನಮ್ಮ ಪ್ರಶ್ನೆ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು, ನಡುವೆ ಚೌಕವಾಗಿ ಕತ್ತರಿಸಿದ ರಟ್ಟಿನ ತುಂಡು. ಅದನ್ನು ಕಣ್ಣಿಗೆ ಹಿಡಿದು ತರಗತಿಯ ಒಂದು ಮೂಲೆಯನ್ನು ನೋಡಿದರೆ ಜೋಡಿಸಿಟ್ಟ ಪುಸ್ತಕಗಳು ಕಾಣುತ್ತಿದ್ದವು, ಒಂದು ಗೇಣು ಸರಿಸಿದರೆ ಕತ್ತರಿಸಿ ಬಿಸಾಡಿದ ಕಾಗದದ ರಾಶಿ. ಎರಡೂ ನಮ್ಮದೇ ಕೋಣೆ ಎಂಬುದು ಅವರಿಗೆ ನಗು ತರಿಸಿತು. ಕೆಲವು ದಿನಗಳ ಬಳಿಕ, ಪೋಷಕರಿಗೆ ಕಳಿಸಲೆಂದು ನಾನು ಫೋಟೋ ತೆಗೆಯುತ್ತಿದ್ದಾಗ ಅದೇ ಮೀನಿನ ಹುಡುಗಿ ಹಿಂದೆ ಬಂದು ನಿಂತು, "ಟೀಚರ್, ಕಸ ಯಾಕೆ ಬಿಟ್ರಿ?" ಎಂದಳು. ಆ ವಾರ ಎರಡು ಫೋಟೋ ಕಳಿಸಿದೆ. ಕಸವಿದ್ದದ್ದನ್ನು ತೆಗೆದವಳು ಅವಳೇ.