ಸರೋವರದ ಊರಿಗೆ ಹೋದರೆ ಬೆಳಗಿನ ಹೊತ್ತು ಬಿಡಬೇಡಿ

ಸರೋವರದ ದಂಡೆಯ ಸಣ್ಣ ಊರಿಗೆ ರಜೆಗೆ ಹೊರಟಿದ್ದೀರಾ? ಹಾಗಾದರೆ ದೋಣಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಆಗ ನೀರಿನ ಕಡೆಯಿಂದ ದಡಕ್ಕೆ ಗಾಳಿ ಬೀಸತೊಡಗಿ ಅಲೆ ಏಳುತ್ತದೆ. ಹುಟ್ಟು ಹಾಕುವ ದೋಣಿಯೋ ಕಯಾಕೋ, ಸೂರ್ಯ ಹುಟ್ಟಿದ ಒಂದೆರಡು ಗಂಟೆಯೊಳಗೆ ಹೋಗಿಬನ್ನಿ. ಗಾಳಿ ಇದ್ದರೆ ಮೊದಲು ಅದಕ್ಕೆ ಎದುರಾಗಿ ಸಾಗಿ. ಕೈ ಸೋತು ವಾಪಸ್ ಬರುವಾಗ ಅದೇ ಗಾಳಿ ತಳ್ಳಿಕೊಂಡು ಬರುತ್ತದೆ.

ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ದೊಡ್ಡದಾಯಿತು, ಬೇರೆ ಕೇಳಿ. ಈ ವಿಷಯದಲ್ಲಿ ಸಂಕೋಚ ಬೇಡವೇ ಬೇಡ.

ಜನ ಸೇರುವ ಜೆಟ್ಟಿ ಒಮ್ಮೆ ನೋಡಿದರೆ ಸಾಕು. ನನ್ನ ಮಟ್ಟಿಗೆ ನಿಜವಾದ ಸೊಗಸು ಇರುವುದು ಜೊಂಡು ಬೆಳೆದ ಆಳವಿಲ್ಲದ ಕಡೆ. ಅಲ್ಲಿ ಹತ್ತು ನಿಮಿಷ ಮಾತಿಲ್ಲದೆ ಕೂತುಬಿಡಿ. ಕಲ್ಲಿನಂತೆ ನಿಂತ ಬಕ ಕತ್ತನ್ನು ನಿಧಾನ ಮುಂದೆ ಚಾಚಿ, ಫಕ್ಕನೆ ಮೀನು ಕಚ್ಚುವುದನ್ನು ಕಣ್ಣಾರೆ ನೋಡಬಹುದು. ಚಳಿಯ ಮುಂಜಾನೆಯಾದರೆ ನೀರು ಗಾಳಿಗಿಂತ ಬೆಚ್ಚಗಿದ್ದು, ಮೇಲೆಲ್ಲ ಹಬೆಯಾಡುತ್ತಿರುತ್ತದೆ. ಬೈನಾಕ್ಯುಲರ್ ಇದ್ದರೆ ಮರೆಯದೆ ಒಯ್ಯಿರಿ.

ಈಜುವವರಿಗೆ ಒಂದು ಮಾತು: ಮೇಲೆ ಬೆಚ್ಚಗಿದ್ದರೂ ಆಳಕ್ಕೆ ಹೋದಂತೆ ನೀರು ಇದ್ದಕ್ಕಿದ್ದಂತೆ ಕೊರೆಯಬಹುದು. ದಡದಲ್ಲಿ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ತೇಲುತ್ತಿದ್ದರೆ ಇಳಿಯಬೇಡಿ, ಸಾಕುನಾಯಿಯನ್ನೂ ಬಿಡಬೇಡಿ. ಅಂಥ ಪಾಚಿ ಕೆಲವೊಮ್ಮೆ ವಿಷಕಾರಿ. ಸಂಜೆಗೆ ಪೂರ್ವದ ದಂಡೆಗೆ ಹೋಗಿ, ಸೂರ್ಯ ನೀರಿನಾಚೆ ಮುಳುಗುವುದು ಅಲ್ಲಿಂದಲೇ ಕಾಣುವುದು.