ಮೊದಲು ಏಳುವ ಒಂದೇ ಕೈ

ಮುಂಬಯಿಯ ಪೂರ್ವ ಉಪನಗರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಒಂಬತ್ತನೆಯ ತರಗತಿಗೆ ಇತಿಹಾಸ, ಭೂಗೋಳ ಕಲಿಸುತ್ತೇನೆ. ಮಕ್ಕಳು 31. ಅರ್ಧದಷ್ಟು ಮಂದಿಯ ಮನೆಮಾತು ತುಳು. ಉಳಿದವರಲ್ಲಿ ಹೆಚ್ಚಿನವರು ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಆದರೆ ಚರ್ಚೆಯಲ್ಲಿ ಮಾತಾಡುತ್ತಿದ್ದವನು ಒಬ್ಬನೇ. ನಾನು ಪ್ರಶ್ನೆ ಮುಗಿಸುವಷ್ಟರಲ್ಲಿ ಮೊದಲ ಬೆಂಚಿನಿಂದ ಅವನ ಕೈ ಏಳುತ್ತಿತ್ತು, ಕೈಗಿಂತ ಮೊದಲೇ ಉತ್ತರ ಬಂದಿರುತ್ತಿತ್ತು.

"ನೀನು ಸುಮ್ಮನಿರಪ್ಪ, ಬೇರೆಯವರು ಹೇಳಲಿ" ಎಂದು ನೋಡಿದೆ. ಅವನು ಮುಖ ಬಾಡಿಸಿಕೊಂಡು ಕುಳಿತ, ಬೇರೆಯವರೂ ಹೇಳಲಿಲ್ಲ. ಆಮೇಲೆ ಪ್ರತಿಯೊಬ್ಬರಿಗೂ ಮೂರು ಹುಣಸೆ ಬೀಜ ಕೊಟ್ಟು, ಮಾತಾಡಿದಾಗಲೆಲ್ಲ ಒಂದನ್ನು ಮೇಜಿನ ಮೇಲಿಡಬೇಕೆಂದೆ. ಐದು ನಿಮಿಷದಲ್ಲಿ ಅವನ ಮೂರೂ ಬೀಜ ಮುಗಿದವು. ಹಿಂದಿನ ಬೆಂಚಿನವರು ಸದ್ದಿಲ್ಲದೆ ತಮ್ಮ ಪಾಲನ್ನೂ ಅವನಿಗೇ ದಾಟಿಸಿದರು.

ಒಂದು ದಿನ ಕುಳಿತುಕೊಳ್ಳುವ ಕ್ರಮವನ್ನು ಕಾಗದದಲ್ಲಿ ಬರೆದುಕೊಂಡು, ಮಾತಾಡಿದವರ ಹೆಸರಿನ ಮುಂದೆ ಚುಕ್ಕಿ ಇಡುತ್ತಾ ಹೋದೆ. ಪಾಠ ಮುಗಿದಾಗ ಇದ್ದ 23 ಚುಕ್ಕಿಗಳಲ್ಲಿ 14 ಅವನವು, ಮತ್ತು ಅವುಗಳಲ್ಲಿ ಒಂಬತ್ತು ಸಲ ನಾನೇ ಅವನತ್ತ ನೋಡಿ ತಲೆಯಾಡಿಸಿದ್ದೆ. ಊಟದ ಬಿಡುವಿನಲ್ಲಿ ಅವನನ್ನು ಒಬ್ಬನನ್ನೇ ಕರೆದು ವಿಚಾರಿಸಿದಾಗ, "ಯಾರೂ ಹೇಳದಿದ್ದರೆ ನಿಮಗೆ ಬೇಜಾರಾಗುತ್ತದಲ್ಲ ಟೀಚರ್, ಅದಕ್ಕೇ ಹೇಳುತ್ತೇನೆ" ಎಂದ. ಪಾಠ ಮುಗಿಸುವ ಅವಸರದಲ್ಲಿ ಅವನ ಅಗತ್ಯವಿದ್ದದ್ದು ನನಗೆ.

ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗಿ, ಹೆಚ್ಚು ಮಕ್ಕಳು ತಾವಾಗಿ ಬಾಯಿ ಬಿಡುತ್ತಾರೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಗಮನಿಸಿ ತೋರಿಸಿದ್ದರು. ಬಿ.ಎಡ್.ನಲ್ಲಿ ಓದಿ ಅಂಕ ಪಡೆದಿದ್ದೆ, ಅಷ್ಟೇ. ನಿಜವಾಗಿ ಕಾದು ನೋಡಿದಾಗ ಆ ಮೂರು ಸೆಕೆಂಡು ಎಷ್ಟು ದೀರ್ಘವೆಂದು ತಿಳಿಯಿತು. ಕಿಟಕಿಯಾಚೆ ಲೋಕಲ್ ರೈಲು ಹೋದ ಸದ್ದೂ ಕೇಳಿಸಿತು. ಜೊತೆಗೆ, 1981ರಲ್ಲಿ ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ ರೂಪಿಸಿದ ಕ್ರಮದಂತೆ ಮೊದಲು ಒಬ್ಬೊಬ್ಬರೇ ಯೋಚಿಸಿ, ಪಕ್ಕದವರೊಡನೆ ಮಾತಾಡಿ, ಆಮೇಲೆ ತರಗತಿಗೆ ಹೇಳುವುದನ್ನು ರೂಢಿಗೆ ತಂದೆ. ನಾನು ಸೇರಿಸಿದ ನಿಯಮ ಒಂದೇ: ಹೇಳಬೇಕಾದದ್ದು ತನ್ನ ಮಾತನ್ನಲ್ಲ, ಪಕ್ಕದವರ ಮಾತನ್ನು.

ಮುಂಗಾರಿನ ಪಾಠದ ದಿನ ಆ ಹುಡುಗನನ್ನು ಕುರ್ಲಾದ ಮೀಠಿ ನದಿಯ ದಂಡೆಯಿಂದ ಬರುವ ಹುಡುಗಿಯ ಜೊತೆ ಕೂರಿಸಿದ್ದೆ. ಆ ವರ್ಷ ಆಕೆಯ ಹೆಸರಿನ ಮುಂದೆ ಒಂದು ಚುಕ್ಕಿಯೂ ಬಿದ್ದಿರಲಿಲ್ಲ. ಅವನು ಎದ್ದುನಿಂತು, 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತೆಂದು ಪೀಠಿಕೆ ಹಾಕಿ, ಈಕೆಯ ತಾಯಿ ಮಗುವನ್ನು ಎತ್ತಿಕೊಂಡು ಮಂಚದ ಮೇಲೆ ಕುಳಿತಿದ್ದರೆಂದು ಪುಸ್ತಕದ ಕನ್ನಡದಲ್ಲಿ ಹೇಳತೊಡಗಿದ. ಹುಡುಗಿಗೆ ತಡೆಯಲಾಗಲಿಲ್ಲ. "ಹಂಗಲ್ರೀ ಟೀಚರ್, ಮಂಚನೂ ಮುಳುಗಿತ್ತಂತ. ನಮ್ಮವ್ವ ನಮ್ಮಣ್ಣಗ ಹೆಗಲ ಮ್ಯಾಲ ಕೂಡಿಸ್ಕೊಂಡು ರಾತ್ರಿಯೆಲ್ಲಾ ನಿಂತೇ ಇದ್ಳಂತ್ರೀ." ಆಕೆಯ ಮಾತಿಗೆ ಮೊದಲೆಲ್ಲ ನಗುತ್ತಿದ್ದವರು ಅಂದು ನಗಲಿಲ್ಲ. ಹುಡುಗ, "ನೀರು ಎಲ್ಲಿಯವರೆಗೆ ಬಂದಿತ್ತು?" ಎಂದು ಕೇಳಿದ, ಆಕೆ ಕಪ್ಪುಹಲಗೆಯ ಕೆಳ ಅಂಚನ್ನು ತೋರಿಸಿದಳು.

ನಕ್ಷೆಯ ಪ್ರಶ್ನೆಗಳಿಗೆ ಈಗಲೂ ಅವನದೇ ಕೈ ಮೊದಲು, ಅದನ್ನು ನಾನು ತಡೆಯುವುದಿಲ್ಲ. ಪರೀಕ್ಷೆ ಹತ್ತಿರ ಬಂದು ಪಾಠಗಳು ಉಳಿದಿದ್ದರೆ ನನ್ನ ಕಣ್ಣು ತಾನಾಗಿಯೇ ಮೊದಲ ಬೆಂಚಿನತ್ತ ಹೊರಳುತ್ತದೆ. ಆದ್ದರಿಂದ ಈಚೆಗೆ ಹಿಂದಿನ ಬೆಂಚುಗಳ ನಡುವೆ ಹೋಗಿ ನಿಂತು, ಅಲ್ಲಿಂದಲೇ ಪ್ರಶ್ನೆ ಕೇಳುತ್ತೇನೆ.